ಕೆಂಪುಕಲ್ಲಿನ ಮನೆಗೊಂದು ಅಮೂರ್ತ ಚಿತ್ರ: ಎದುರಿನಿಂದ, ಬದಿಯಿಂದ, ಬೆನ್ನಿನಿಂದ

ಅಗಲ 48 ಇಂಚು, ಎತ್ತರ 36 ಇಂಚು. ಹತ್ತಿಯ ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್, ಇದ್ದಿಲು, ಆಯಿಲ್ ಸ್ಟಿಕ್ (ಕಡ್ಡಿಯ ರೂಪದ ಎಣ್ಣೆ ಬಣ್ಣ). ಶೀರ್ಷಿಕೆ ಇಲ್ಲ. ಚೌಕಟ್ಟು ಬಿಟ್ಟು ಬೆಲೆ 54,000 ರೂಪಾಯಿ. ಚದರಡಿ ಲೆಕ್ಕದಲ್ಲಿ 4,500. ಕಾಸರಗೋಡು ಸೀಮೆಯ ಕಲಾವಿದರೊಬ್ಬರ ಕೆಲಸ. ಹುಳುಕನ್ನೂ ಬಿಡಿಸಿ ಹೇಳಬೇಕಾದ ಬರಹವಾದ್ದರಿಂದ ಅವರ ಹೆಸರು ಇಲ್ಲಿಲ್ಲ. ಚಿತ್ರದ ವಸ್ತು ನೆನಪು ಮತ್ತು ಸುಪ್ತಮನಸ್ಸು. ಹೊಸ ಮನೆ ಕಟ್ಟಿದವರು ಹಾಲಿನ ದೊಡ್ಡ ಗೋಡೆಗೆ ಇಂಥ ಚಿತ್ರಗಳನ್ನು ಹುಡುಕುವುದು ಈಗ ಮಂಜೇಶ್ವರದಿಂದ ಕಾಞಂಗಾಡಿನವರೆಗೂ ಕಾಣುತ್ತದೆ. ಹುಡುಕಿದವರಿಗೆ ಸಿಗುವ ಹೆಚ್ಚಿನ ಚಿತ್ರಗಳಲ್ಲಿ ನೆನಪು, ಕನಸು, ಅಂತರಾಳ ಎಂಬ ಮಾತುಗಳೆಲ್ಲ ಪಕ್ಕದ ಚೀಟಿಯಲ್ಲಿರುತ್ತವೆ, ಬಣ್ಣದಲ್ಲಿ ಇರುವುದಿಲ್ಲ. ಈ ಚಿತ್ರ ಆ ಸಾಲಿಗೆ ಸೇರಿದ್ದಲ್ಲ. ಇಲ್ಲಿ ನೆನಪು ಪದರಗಳಲ್ಲೇ ಇದೆ: ಬರೆದು, ಮುಚ್ಚಿ, ಮತ್ತೆ ಕೆರೆದು ತೆಗೆದ ಪದರಗಳಲ್ಲಿ. ನಮ್ಮ ಮಳೆಗಾಲಕ್ಕೆ ಮೊದಲು ಸೋಲುವುದೂ ಅವೇ ಪದರಗಳು. ಆದ್ದರಿಂದ ಚಿತ್ರ ಚೆನ್ನಾಗಿದೆಯೇ ಎಂಬ ಪ್ರಶ್ನೆಯನ್ನೂ ಬಾಳಿಕೆ ಬರುತ್ತದೆಯೇ ಎಂಬ ಪ್ರಶ್ನೆಯನ್ನೂ ಬೇರೆ ಬೇರೆ ಮಾಡಿ ನೋಡಲು ಬರುವುದಿಲ್ಲ.

ಮೊದಲು ಹತ್ತು ಅಡಿ ದೂರದಿಂದ. ಮಸುಕಾದ ಬಿಳಿ-ಬೂದು ತೆರೆಯೊಂದು ಇಡೀ ಕ್ಯಾನ್ವಾಸನ್ನು ಆವರಿಸಿದೆ. ಅದರ ಹಿಂದಿನಿಂದ ಕೆಂಪುಕಲ್ಲಿನ ಬಣ್ಣ ಅಲ್ಲಲ್ಲಿ ಉಸಿರಾಡುತ್ತದೆ. ಎಡಗಡೆ ಮೂರನೇ ಒಂದು ಭಾಗ ಗಾಢ ನೀಲಿ, ಹೆಚ್ಚುಕಡಿಮೆ ಕಪ್ಪು. ಬಲ ಅಂಚಿನ ಹತ್ತಿರ ಅಂಗೈಯಗಲದ ಅರಸಿನ ಹಳದಿ. ಕಣ್ಣು ಮೊದಲು ಆ ಹಳದಿಗೆ ಹೋಗಿ, ಅಲ್ಲಿಂದ ನೀಲಿಗೆ ಜಾರಿ, ಕೊನೆಗೆ ನಡುವಿನ ಮಸುಕಿನಲ್ಲಿ ನಿಲ್ಲುತ್ತದೆ. ಆ ಮಸುಕಿನಲ್ಲೇ ಚಿತ್ರದ ಜೀವ ಇದೆ.

ಮೂರು ಅಡಿಗೆ ಬಂದರೆ ಮಸುಕು ಬಿಡಿಸಿಕೊಳ್ಳತೊಡಗುತ್ತದೆ. ತೆರೆಯ ಕೆಳಗೆ ಇದ್ದಿಲಿನಲ್ಲಿ ಬರೆದ ಅಕ್ಷರಗಳಿವೆ, ಕೆಲವು ಕನ್ನಡ, ಕೆಲವು ಮಲಯಾಳ, ಒಂದರ ಮೇಲೊಂದು ಬಂದವು. ಯಾವ ಸಾಲನ್ನೂ ಪೂರ್ತಿ ಓದಲಾಗದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ತಾಲೂಕು ಕಾಸರಗೋಡು. ಶಾಲೆಯ ಪುಸ್ತಕದಲ್ಲಿ ಒಂದು ಲಿಪಿ, ಬಸ್ಸಿನ ಬೋರ್ಡಿನಲ್ಲಿ ಇನ್ನೊಂದು ಲಿಪಿ ಓದಿ ಬೆಳೆದವರಿಗೆ ಈ ಅಕ್ಷರಗಳ ಗೋಜಲು ಯಾರೂ ವಿವರಿಸದೆ ಅರ್ಥವಾಗುತ್ತದೆ. ಲಿಪಿಯನ್ನು ಅಮೂರ್ತ ಚಿತ್ರಕ್ಕೆ ತರುವುದು ದಕ್ಷಿಣದಲ್ಲಿ ಹೊಸದಲ್ಲ. 1966ರಲ್ಲಿ ಚೆನ್ನೈ ಬಳಿ ಚೋಳಮಂಡಲ ಕಲಾಗ್ರಾಮವನ್ನು ಕಟ್ಟಿದ ಕೆ.ಸಿ.ಎಸ್. ಪಣಿಕ್ಕರ್ ಅವರು 1963ರಿಂದಲೇ ಅಕ್ಷರ ಮತ್ತು ಚಿಹ್ನೆಗಳ ಸರಣಿಯನ್ನು ಮಾಡತೊಡಗಿದ್ದರು. ಅವರ ಚಿತ್ರಗಳಲ್ಲಿ ಲಿಪಿ ಮೇಲ್ಮೈಯಲ್ಲಿ ತುಂಬಿ ನಿಲ್ಲುತ್ತದೆ, ಜಾತಕದ ಪುಟದ ಹಾಗೆ. ಇಲ್ಲಿ ಲಿಪಿಯನ್ನು ಹೂತಿಡಲಾಗಿದೆ. ಅನುಕರಣೆ ಎಂದು ತಳ್ಳಿಹಾಕುವಂತಿಲ್ಲ.

ಹೂತಿಡುವ ಈ ವಿಧಾನವನ್ನು ಸುಪ್ತಮನಸ್ಸಿಗೆ ಜೋಡಿಸುವುದು ಬರಿಯ ಅಲಂಕಾರದ ಮಾತಲ್ಲ. ಮಕ್ಕಳ ಆಟದ ಸಾಮಾನೊಂದನ್ನು ಮುಂದಿಟ್ಟುಕೊಂಡು ಫ್ರಾಯ್ಡ್ 1925ರಲ್ಲಿ ನೆನಪಿನ ಬಗ್ಗೆ ಬರೆದ ಚಿಕ್ಕ ಪ್ರಬಂಧವೊಂದಿದೆ. ಕೆಳಗೆ ಮೇಣದ ಹಲಗೆ, ಮೇಲೆ ತೆಳು ಹಾಳೆ. ಕಡ್ಡಿಯಿಂದ ಗೀರಿದರೆ ಬರಹ ಕಾಣುತ್ತದೆ, ಹಾಳೆ ಎತ್ತಿದರೆ ಅಳಿಯುತ್ತದೆ. ಆದರೆ ಮೇಣದಲ್ಲಿ ಗೀರು ಉಳಿದೇ ಇರುತ್ತದೆ, ಬೆಳಕನ್ನು ಓರೆಯಾಗಿ ಬಿಟ್ಟರೆ ಕಾಣುತ್ತದೆ. ಈ ಚಿತ್ರವನ್ನು ಕೊಳ್ಳುವ ಮೊದಲು ಮಾಡಬೇಕಾದ್ದೂ ಇದನ್ನೇ: ಕೋಣೆಯ ದೀಪ ಆರಿಸಿ, ಟಾರ್ಚನ್ನು ಕ್ಯಾನ್ವಾಸಿನ ಬದಿಯಲ್ಲಿ, ಮೇಲ್ಮೈಗೆ ಹೆಚ್ಚುಕಡಿಮೆ ಸಮಾಂತರವಾಗಿ ಹಿಡಿಯುವುದು. ಎದುರಿನಿಂದ ಕಾಣದ ಗೀರು, ಉಬ್ಬು, ಬಿರುಕು ಎಲ್ಲ ಆಗ ಎದ್ದು ನಿಲ್ಲುತ್ತವೆ. ಎಡದಿಂದ, ಬಲದಿಂದ, ಮೇಲಿನಿಂದ, ಕೆಳಗಿನಿಂದ ನಾಲ್ಕೂ ಕಡೆಯಿಂದ ಹಿಡಿಯಬೇಕು. ಒಂದು ಕಡೆಯ ಬೆಳಕಿಗೆ ಅಡಗಿಕೊಳ್ಳುವ ಬಿರುಕು ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ.

ಹಾಗೆ ನೋಡಿದಾಗ ಪದರಗಳ ಕ್ರಮ ಗೊತ್ತಾಗುತ್ತದೆ. ಬುಡದಲ್ಲಿ ಬಿಳಿ ಜೆಸ್ಸೋ (ಬಣ್ಣ ಹಿಡಿಯಲೆಂದು ಕ್ಯಾನ್ವಾಸಿಗೆ ಮೊದಲು ಬಳಿಯುವ ಲೇಪ), ಅದರ ಮೇಲೆ ರೆಡ್ ಆಕ್ಸೈಡಿನ ಕೆಂಪು. ಅದು ಒಣಗಿದ ಮೇಲೆ ಇದ್ದಿಲ ಬರಹ. ಬರಹದ ಮೇಲೆ ಬಿಳಿಯ ತೆಳು ತೆರೆ. ತೆರೆ ಹಸಿಯಿರುವಾಗ ಓಲೆ ಚಾಪೆಯೊಂದನ್ನು ಒತ್ತಿ ತೆಗೆಯಲಾಗಿದೆ. ಹೆಣಿಗೆಯ ಅಚ್ಚು ಬಲಭಾಗದಲ್ಲಿ ಎರಡು ಕಡೆ ಉಳಿದಿದೆ. ಆಮೇಲೆ ರಬ್ಬರ್ ಅಲಗಿನಿಂದಲೂ ಪಾಲೆಟ್ ನೈಫಿನಿಂದಲೂ ಬಿಳಿಯನ್ನು ಎಳೆದು ಕೆರೆದಿದ್ದಾರೆ. ನೀಲಿ ಬಂದದ್ದು ಅದಾದ ಮೇಲೆ. ಕೊನೆಗೆ ಆಯಿಲ್ ಸ್ಟಿಕ್ಕಿನ ಕೆಲವು ಗೆರೆ.

ಚಾಪೆಯ ಅಚ್ಚು ಒಳ್ಳೆಯ ನಿರ್ಧಾರ. ಕೈಯ ಹಿಡಿತವನ್ನು ಬಿಟ್ಟುಕೊಟ್ಟು ಆಕಸ್ಮಿಕಕ್ಕೆ ಜಾಗ ಕೊಡುವುದು, ಕನಸು ಮತ್ತು ಸುಪ್ತಮನಸ್ಸನ್ನು ಕಲೆಗೆ ತಂದ ಸರ್ರಿಯಲಿಸ್ಟರ ಹಳೆಯ ಉಪಾಯ. 1924ರಲ್ಲಿ ಆಂದ್ರೆ ಬ್ರೆತೋನ್ ತಮ್ಮ ಪ್ರಣಾಳಿಕೆಯಲ್ಲಿ ವಿವೇಕದ ಲಗಾಮಿಲ್ಲದೆ ಮನಸ್ಸು ತಾನಾಗಿ ಹರಿಯುವುದನ್ನೇ ಮುಖ್ಯವೆಂದರು. ಆಂದ್ರೆ ಮಾಸೋನ್ ಗುರಿಯಿಲ್ಲದೆ ಶಾಯಿಯ ಗೆರೆ ಹರಿಯಬಿಟ್ಟರು. ಮ್ಯಾಕ್ಸ್ ಅರ್ನ್‌ಸ್ಟ್ 1925ರಲ್ಲಿ ಮರದ ನೆಲಹಾಸಿನ ಮೇಲೆ ಕಾಗದವಿಟ್ಟು ಉಜ್ಜಿ, ಮೂಡಿದ ಎಳೆಗಳಲ್ಲಿ ಆಕಾರಗಳನ್ನು ಕಂಡರು. ಚಾಪೆಯನ್ನು ಒತ್ತಿದ ಕೈ ಅದೇ ದಾರಿಯದು. ಆದರೆ ಅಚ್ಚು ಮಾತ್ರ ನಮ್ಮ ಊರಿನದು, ಅಜ್ಜಿಮನೆಯ ಚಾವಡಿಯ ನೆಲದ್ದು. ಕೈಗೆ ಬಂದ ಯಾವುದೋ ವಸ್ತುವನ್ನು ಒತ್ತಿದ್ದರೆ ಅದು ಬರಿಯ ಟೆಕ್ಸ್ಚರ್ ಆಗಿ ಉಳಿಯುತ್ತಿತ್ತು.

ಪೂರ್ತಿ ಮೆಚ್ಚುವಂತಿಲ್ಲದ ಜಾಗಗಳೂ ಇವೆ. ಹರಿದ ಬಣ್ಣದ ಗುರುತುಗಳನ್ನು ಗಮನಿಸಿ. ನೀಲಿಯ ಭಾಗದಲ್ಲಿ ಹನಿಗಳು ಮೂರು ದಿಕ್ಕಿಗೆ ಇಳಿದಿವೆ. ಕೆಲಸದ ನಡುವೆ ಕ್ಯಾನ್ವಾಸನ್ನು ತಿರುಗಿಸುತ್ತಾ ಹೋಗಿದ್ದಾರೆ, ಮೇಲು ಕೆಳಗು ಯಾವುದೆಂದು ಮೊದಲೇ ತೀರ್ಮಾನಿಸಿರಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಕೆಳ ಅಂಚಿನ ಸಾಲುಸಾಲು ಬಿಳಿ ಹನಿಗಳು ಮಾತ್ರ ಎಲ್ಲವೂ ನೇರ ಕೆಳಕ್ಕೆ, ಸಮ ಅಂತರದಲ್ಲಿ ಇಳಿದಿವೆ. ಚಿತ್ರ ಮುಗಿದ ಮೇಲೆ ಈಸೆಲಿನಲ್ಲಿ ನಿಲ್ಲಿಸಿ ಸುರಿಸಿದವು. ಆವೇಗ ತೋರಿಸಲೆಂದೇ ಹಾಕಿದ ಹನಿಗಳಲ್ಲಿ ಆವೇಗ ಇರುವುದಿಲ್ಲ. ಹಳದಿಯೂ ಸ್ವಲ್ಪ ಚಂದ ಹೆಚ್ಚಾಯಿತು. ಸುತ್ತಲಿನ ಎಲ್ಲ ಬಣ್ಣ ಕೆರೆತವನ್ನು ತಿಂದಿರುವಾಗ ಅದೊಂದು ಮಾತ್ರ ಕೆರೆತಕ್ಕೆ ಸಿಗದೆ ಹೊಸದಾಗಿ ಕುಳಿತಿದೆ. ನಾಗಪುರದಲ್ಲಿ ಹುಟ್ಟಿದ ಅಮೂರ್ತ ಚಿತ್ರಕಾರ ವಿ.ಎಸ್. ಗಾಯತೊಂಡೆ ರೋಲರು, ಪಾಲೆಟ್ ನೈಫುಗಳಿಂದ ಬಣ್ಣ ಹಾಕಿ ಎತ್ತುತ್ತಿದ್ದ ಕ್ರಮವನ್ನು ನೆನೆದರೆ, ಎತ್ತುವುದಕ್ಕೂ ಹಾಕುವುದಕ್ಕಿರುವಷ್ಟೇ ಧೈರ್ಯ ಬೇಕೆಂಬುದು ತಿಳಿಯುತ್ತದೆ. ಈ ಹಳದಿಯನ್ನು ಅರ್ಧ ಎತ್ತಬೇಕಿತ್ತು.

ಇನ್ನು ಪದರಗಳ ಗಟ್ಟಿತನ. ಇದ್ದಿಲು ಎಂದರೆ ಅಂಟಿಲ್ಲದ ಪುಡಿ. ಅದರ ಮೇಲೆ ನೇರವಾಗಿ ಬ್ರಷ್ ಆಡಿಸಿದರೆ ಪುಡಿ ಎದ್ದು ಬಿಳಿಯನ್ನು ಕೊಳಕು ಬೂದಾಗಿಸುತ್ತದೆ. ಆಡಿಸದೆ ದಪ್ಪ ಬಣ್ಣ ಹಚ್ಚಿದರೆ ಬಣ್ಣಕ್ಕೂ ಬುಡಕ್ಕೂ ನಡುವೆ ಪುಡಿಯ ತೆಳು ಹಾಸು ಉಳಿದು ಹಿಡಿತ ಸಿಗುವುದಿಲ್ಲ. ಸರಿಯಾದ ಕ್ರಮವೆಂದರೆ ಬರೆದ ಮೇಲೆ ಸಡಿಲ ಪುಡಿಯನ್ನು ಊದಿ ತೆಗೆದು, ಫಿಕ್ಸೆಟಿವ್ (ಪುಡಿಯನ್ನು ಹಿಡಿದಿಡುವ ದ್ರವ) ಅಥವಾ ತೆಳು ಮಾಡಿದ ಅಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಅಕ್ರಿಲಿಕ್ ಅಂಟು) ಅನ್ನು ಎರಡು ಹಗುರ ಸುತ್ತು ಸ್ಪ್ರೇ ಮಾಡಿ, ಒಣಗಲು ಬಿಟ್ಟು, ಆಮೇಲೆ ತೆರೆ ಎಳೆಯುವುದು. ಈ ಚಿತ್ರದ ಹೆಚ್ಚಿನ ಭಾಗದಲ್ಲಿ ಹಾಗೇ ಆಗಿದೆ. ಅಕ್ಷರದ ಅಂಚು ಹರಡದೆ ಚೂಪಾಗಿ ಉಳಿದಿರುವುದೇ ಗುರುತು. ಕೆಳಗಿನ ಬಲಮೂಲೆಯಲ್ಲಿ ಹಾಗಾಗಿಲ್ಲ. ಅಲ್ಲಿ ಇದ್ದಿಲು ದಟ್ಟವಾಗಿದೆ, ಮೇಲಿನ ಬಿಳಿ 3 ಮಿ.ಮೀ.ನಷ್ಟು ದಪ್ಪ. ಓರೆ ಬೆಳಕಿಗೆ ಕೂದಲೆಳೆಯ ಬಿರುಕು ಎರಡು ಕಾಣುತ್ತವೆ. ಹಾಗೆಯೇ ಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಚಕ್ಕೆ ಏಳುವ ಸಂಭವವಿದೆ. ಮಾರುವ ಮೊದಲೇ ಕಲಾವಿದರು ತೆಳು ಮೀಡಿಯಂ ಅನ್ನು ಸಣ್ಣ ಬ್ರಷ್ಷಿನಿಂದ ಬಿರುಕಿಗೆ ಉಣಿಸಿ, ಮೇಲೆ ಅಂಟದ ಕಾಗದವಿಟ್ಟು ಹಗುರ ಭಾರ ಹೇರಿ ಕೂರಿಸಬೇಕು. ಮನೆಯಲ್ಲಿರುವ ಮರದ ಕೆಲಸದ ಬಿಳಿ ಅಂಟನ್ನು ಮಾತ್ರ ಯಾರೂ ಮುಟ್ಟಬಾರದು. ಅದು ಹಳದಿಗಟ್ಟುತ್ತದೆ, ತೇವ ಹೀರುತ್ತದೆ, ಮುಂದೆ ರಿಪೇರಿ ಮಾಡುವವರಿಗೆ ತೆಗೆಯಲೂ ಬರುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಮೇಲಿನ ಬಲಭಾಗದಲ್ಲಿದೆ. ಆಯಿಲ್ ಸ್ಟಿಕ್ಕಿನ ಕಪ್ಪು ಗೆರೆಯೊಂದನ್ನು ಅರ್ಧ ಮರೆಮಾಡಲು ಅದರ ಮೇಲೆ ಬಿಳಿ ಅಕ್ರಿಲಿಕ್ ಎಳೆದಿದ್ದಾರೆ, ಏಳೆಂಟು ಇಂಚು ಉದ್ದಕ್ಕೆ. ಅಕ್ರಿಲಿಕ್ಕಿನ ಮೇಲೆ ಎಣ್ಣೆ ಬಣ್ಣ ಸರಿ. ಎಣ್ಣೆಯ ಮೇಲೆ ಅಕ್ರಿಲಿಕ್ ಕೂಡದು. ನೀರಿನ ಬಣ್ಣ ಎಣ್ಣೆಯ ಪದರವನ್ನು ಕಚ್ಚುವುದಿಲ್ಲ. ಮೇಲಾಗಿ ಆಯಿಲ್ ಸ್ಟಿಕ್ಕಿಗೆ ಒಂದೆರಡು ದಿನದಲ್ಲಿ ತೊಗಲು ಕಟ್ಟಿದರೂ ಒಳಗೆ ವಾರಗಟ್ಟಲೆ, ದಪ್ಪವಿದ್ದರೆ ತಿಂಗಳುಗಟ್ಟಲೆ ಮೆತ್ತಗೇ ಇರುತ್ತದೆ, ಮೆಲ್ಲನೆ ಬಲಿಯುತ್ತಾ ಅಲುಗುತ್ತದೆ. ಮೇಲಿನ ಅಕ್ರಿಲಿಕ್ ಒಂದು ದಿನ ಪಟ್ಟಿಯಾಗಿ ಕಳಚಿ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಹಿಡಿತವಿಲ್ಲದಿರುವುದೇ ಇಲ್ಲಿ ಅನುಕೂಲವೂ ಹೌದು: ಮೊಂಡ ಪಾಲೆಟ್ ನೈಫಿನಿಂದ ಆ ಪಟ್ಟಿಯನ್ನು ಎತ್ತಿ, ಬಿಳಿ ಆಯಿಲ್ ಸ್ಟಿಕ್ಕಿನಲ್ಲಿ ಅದೇ ಮರೆಮಾಡುವಿಕೆಯನ್ನು ಮತ್ತೆ ಮಾಡಿದರೆ ಸಾಕು. ಕಲಾವಿದರಿಗೆ ಇದು ಅರ್ಧ ದಿನದ ಕೆಲಸ. ಮುಂಗಡ ಕೊಡುವಾಗಲೇ ಕೇಳಿ ಬರೆಸಿಕೊಳ್ಳಬೇಕಾದದ್ದು.

ಬಿಳಿಯ ತೆರೆಯನ್ನು ನೀರು ಹಾಕಿ ತೆಳು ಮಾಡಿದ್ದಾರೋ ಮೀಡಿಯಂ ಹಾಕಿಯೋ ಎಂಬುದು ಮುಂದಿನ ಪ್ರಶ್ನೆ. ನೀರು ಮಿತಿಮೀರಿದರೆ ಬಣ್ಣದ ಕಣಗಳನ್ನು ಹಿಡಿಯುವ ಅಂಟು ಸಾಲದೆ ಮೇಲ್ಮೈ ಸುಣ್ಣದ ಗೋಡೆಯಂತೆ ಕೈಗೆ ಹತ್ತುತ್ತದೆ. ಮಾರುವವರ ಒಪ್ಪಿಗೆ ಪಡೆದು, ಕ್ಯಾನ್ವಾಸಿನ ಮಡಿಕೆಯ ಬದಿಯಲ್ಲಿ, ಹಿಂಡಿ ತೆಗೆದ ಒದ್ದೆ ಹತ್ತಿಕಡ್ಡಿಯನ್ನು ಒಮ್ಮೆ ಉರುಳಿಸಿ ನೋಡಬಹುದು. ಹತ್ತಿ ಬೆಳ್ಳಗೇ ಉಳಿಯಬೇಕು. ಇಲ್ಲಿ ಬದಿಯ ಮೇಲೆ ಉರುಳಿಸಿದ ಹತ್ತಿಗೆ ಬಿಳಿ ಬರಲಿಲ್ಲ, ಕೆಂಪೂ ಬರಲಿಲ್ಲ. ಒಳ್ಳೆಯ ಲಕ್ಷಣ.

ಬೆಳಕಿಗೆ ಬಣ್ಣ ಮಾಸುತ್ತದೆಯೇ? ಇದಕ್ಕೆ ಉತ್ತರ ಟ್ಯೂಬಿನ ಮೇಲಿನ ವರ್ಣದ್ರವ್ಯದ ಸಂಕೇತದಲ್ಲಿದೆ, ಟ್ಯೂಬಿನ ಹೆಸರಿನಲ್ಲಲ್ಲ. ಕಲಾವಿದರು ಕೊಟ್ಟ ಪಟ್ಟಿಯಲ್ಲಿ ಕೆಂಪು ಪಿಆರ್ 101, ಬಿಳಿ ಪಿಡಬ್ಲ್ಯು 6, ನೀಲಿ ಪಿಬಿ 15:3, ಹಳದಿ ಪಿವೈ 42. ಕಬ್ಬಿಣದ ಆಕ್ಸೈಡ್‌ಗಳು, ಟೈಟಾನಿಯಂ, ಥಾಲೋ ನೀಲಿ. ನಾಲ್ಕೂ ಬೆಳಕನ್ನು ಚೆನ್ನಾಗಿ ತಡೆಯುವಂಥವು. ತೆರೆಯ ನಡುವೆ ಅಲ್ಲಲ್ಲಿರುವ ಎಳೆ ಗುಲಾಬಿಗೆ ಮಾತ್ರ ಸಂಕೇತವಿಲ್ಲ, ಪಟ್ಟಿಯಲ್ಲಿ 'ರೋಸ್' ಎಂದಷ್ಟೇ ಇದೆ. ಅದು ಪಿಆರ್ 122ರಂಥ ಕ್ವಿನಾಕ್ರಿಡೋನ್ ಆದರೆ ಚಿಂತೆಯಿಲ್ಲ. ಅಲಿಜರಿನ್, ಅಂದರೆ ಪಿಆರ್ 83 ಆದರೆ ಬಿಳಿ ಬೆರೆಸಿ ತೆಳು ಮಾಡಿದಲ್ಲಿ ಬೇಗ ಹಾರಿಹೋಗುತ್ತದೆ. ಫ್ಲೋರೆಸೆಂಟ್ ಗುಲಾಬಿಯಾದರೆ ಕತೆ ಅದಕ್ಕಿಂತ ಬೇಗ ಮುಗಿಯುತ್ತದೆ. ಸಂಕೇತ ಸಿಗದಿದ್ದರೆ ಅದೇ ಟ್ಯೂಬಿನಿಂದ ಬಿಳಿ ಬೆರೆಸಿದ ಒಂದು ಪಟ್ಟಿಯನ್ನು ಕಾಗದದ ಮೇಲೆ ಬಳಿಸಿಕೊಂಡು, ಅರ್ಧಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಬಿಸಿಲು ಬೀಳುವ ಕಿಟಕಿಯಲ್ಲಿ ಮೂರು ತಿಂಗಳು ಇಟ್ಟು ಹೋಲಿಸಿದರೆ ತಿಳಿಯುತ್ತದೆ. ನವೆಂಬರಿನಲ್ಲಿ ಇಟ್ಟರೆ ಮಳೆಯ ಹೆಚ್ಚಿನ ಅಡ್ಡಿಯಿಲ್ಲದೆ ಬಿಸಿಲು ಸಿಗುತ್ತದೆ.

ಹಳೆಯ ತೈಲಚಿತ್ರಗಳಲ್ಲಿ ಕಾಲ ಕಳೆದಂತೆ ಮೇಲಿನ ಬಣ್ಣ ಪಾರದರ್ಶಕವಾಗಿ, ಕಲಾವಿದ ಮುಚ್ಚಿಹಾಕಿದ ಗೆರೆಗಳು ತಾವಾಗಿ ಹೊರಬರುವುದುಂಟು. ಅದನ್ನು ಓದಿಕೊಂಡವರು ಈ ಚಿತ್ರದ ಅಕ್ಷರಗಳೂ ಮುಂದೆ ತೇಲಿಬಂದಾವು ಎಂದು ಆಸೆಪಡಬಾರದು. ಅಕ್ರಿಲಿಕ್ ಹಾಗೆ ತಿಳಿಯಾಗುವುದಿಲ್ಲ. ಇವತ್ತು ಕಾಣದ ಅಕ್ಷರ ಮುಂದೆಯೂ ಕಾಣುವುದಿಲ್ಲ. ನೆನಪು ಎಂದರೆ ಇಟ್ಟದ್ದನ್ನು ಇಟ್ಟ ಹಾಗೆ ತೆಗೆಯುವುದಲ್ಲ, ಪ್ರತಿಸಲವೂ ಹೊಸದಾಗಿ ಕಟ್ಟುವುದು ಎಂದು ಕೇಂಬ್ರಿಜ್‌ನ ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲೇ ತೋರಿಸಿದ್ದರು. ಅರ್ಧ ಅಕ್ಷರ ಕಂಡು ಉಳಿದರ್ಧವನ್ನು ನೋಡುವವರೇ ತುಂಬಿಕೊಳ್ಳಬೇಕಾದ ಈ ಏರ್ಪಾಡು ಆ ತಿಳಿವಳಿಕೆಗೆ ಹತ್ತಿರದ್ದು. ಮುಚ್ಚಿದ್ದನ್ನು ಮುಚ್ಚಿಯೇ ಇಡುವ ಅಕ್ರಿಲಿಕ್ಕನ್ನು ಆರಿಸಿದ್ದು ಇಲ್ಲಿ ಸರಿಯಾದ ಆಯ್ಕೆ.

ಚಿತ್ರವನ್ನು ತಿರುಗಿಸಿ ಬೆನ್ನನ್ನು ನೋಡದೆ ಹಣ ಕೊಡಬೇಡಿ. ಕ್ಯಾನ್ವಾಸ್ ಚದರ ಗಜಕ್ಕೆ 10 ಔನ್ಸ್ ತೂಗುವಂಥದು, ನೇಯ್ಗೆ ಒತ್ತಾಗಿದೆ. ಬೆಳಕಿಗೆ ಎತ್ತಿ ಹಿಡಿದರೆ ಸೂಜಿಮೊನೆಯ ತೂತುಗಳು ಕಾಣುವುದಿಲ್ಲ, ಅಂದರೆ ಜೆಸ್ಸೋ ಸಾಕಷ್ಟು ಕೂತಿದೆ. ಸ್ಟ್ರೆಚರ್, ಅಂದರೆ ಕ್ಯಾನ್ವಾಸನ್ನು ಎಳೆದು ಕಟ್ಟುವ ಮರದ ಕಟ್ಟು, ಒಂದೂವರೆ ಇಂಚು ದಪ್ಪ, ನಡುವೆ ಅಡ್ಡಪಟ್ಟಿ ಇದೆ, ಒಳ ಅಂಚನ್ನು ಇಳಿಜಾರಾಗಿ ಹೆರೆದಿದ್ದಾರೆ. ಹೆರೆಯದಿದ್ದರೆ ಮರದ ಅಂಚು ಎದುರುಗಡೆ ಗೆರೆಯಾಗಿ ಮೂಡುತ್ತದೆ. ಮೂಲೆಗಳಲ್ಲಿ ಬೆಣೆಗಳಿವೆ. ಇಷ್ಟೆಲ್ಲ ಸರಿ. ಮರ ಮಾತ್ರ ರಬ್ಬರ್ ಮರ. ನಮ್ಮ ಕಡೆ ಅದು ಸುಲಭದಲ್ಲಿ ಸಿಗುತ್ತದೆ, ನೇರವಾಗಿಯೂ ಇರುತ್ತದೆ. ಆದರೆ ಔಷಧಿ ಉಣಿಸದ ರಬ್ಬರ್ ಮರಕ್ಕೆ ಕೊರೆಯುವ ಹುಳ ಬೇಗ ಬರುತ್ತದೆ. ಹಿಟ್ಟಿನಂಥ ನುಣುಪು ಪುಡಿ, ಗುಂಡುಸೂಜಿ ತಲೆಯಷ್ಟು ತೂತು ಕಂಡರೆ ಆ ಸ್ಟ್ರೆಚರ್ ಬೇಡ. ಇದರಲ್ಲಿ ತೂತಿಲ್ಲ, ಮರಕ್ಕೆ ಉಪಚಾರ ಆಗಿದೆಯೇ ಎಂದು ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಒಳಿತು. ಕ್ಯಾನ್ವಾಸನ್ನು ಹಿಡಿದಿರುವ ಸ್ಟೇಪಲ್ ಪಿನ್ನುಗಳು ಮಾಮೂಲಿ ಕಬ್ಬಿಣದವು. ಕಡಲಿನಿಂದ ಐದಾರು ಕಿಲೋಮೀಟರಿನೊಳಗಿನ ಮನೆಗೆ ಇದು ತಕ್ಕುದಲ್ಲ. ಉಪ್ಪುಗಾಳಿಗೆ ಪಿನ್ನು ತುಕ್ಕು ಹಿಡಿದು, ತುಕ್ಕು ಬಟ್ಟೆಗೆ ಇಳಿದು, ಅಲ್ಲೇ ಕ್ಯಾನ್ವಾಸ್ ಹರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಪಿನ್ನು ಹಾಕಿಸಿಕೊಳ್ಳಿ. ಖರ್ಚು ಅಲ್ಪ, ಲಾಭ ದೊಡ್ಡದು.

ಸಾಗಣೆಯಲ್ಲಿ ಚಿತ್ರ ಹಾಳಾಗುವುದು ಹೆಚ್ಚಾಗಿ ಬಬಲ್ ರ‍್ಯಾಪಿನಿಂದ. ನಮ್ಮ ಸೆಖೆಗೆ ಅಕ್ರಿಲಿಕ್ ಯಾವತ್ತೂ ಪೂರ್ತಿ ಗಟ್ಟಿ ಇರುವುದಿಲ್ಲ. ಬಿಸಿಲಲ್ಲಿ ನಿಂತ ಕಾರಿನೊಳಗಂತೂ ಇನ್ನೂ ಮೆತ್ತಗಾಗುತ್ತದೆ. ಗುಳ್ಳೆಯ ಕಡೆಯನ್ನು ಬಣ್ಣಕ್ಕೆ ತಾಗಿಸಿ ಸುತ್ತಿದರೆ ಮೇಲ್ಮೈ ತುಂಬ ದುಂಡು ಗುರುತು ಬೀಳುತ್ತದೆ, ಅದು ಹೋಗುವುದಿಲ್ಲ. ಮೊದಲು ಸಿಲಿಕೋನ್ ಬಳಿದ ಅಂಟದ ಕಾಗದ, ಮೇಲೆ ತೆಳು ಫೋಮ್ ಹಾಳೆ, ಅದರ ಮೇಲೆ ಗುಳ್ಳೆ ಹೊರಮುಖವಾಗಿರುವಂತೆ ಬಬಲ್ ರ‍್ಯಾಪ್, ನಾಲ್ಕು ಮೂಲೆಗೆ ದಪ್ಪ ಥರ್ಮೋಕೋಲ್ ಅಥವಾ ರಟ್ಟು. ಆಯಿಲ್ ಸ್ಟಿಕ್ಕಿನ ಗೆರೆ ಇರುವಲ್ಲಿ ಏನೂ ತಾಗದಂತೆ ಅಂಚಿಗೆ ಮಾತ್ರ ಆನಿಸಿ ಕಟ್ಟಬೇಕು. ಸುರುಳಿ ಸುತ್ತಿ ಕಳಿಸುತ್ತೇವೆ ಎಂದರೆ ಒಪ್ಪಬೇಡಿ. ತೆಳು ಚಿತ್ರವನ್ನು ಬಣ್ಣ ಹೊರಮುಖವಾಗಿ ಅಗಲವಾದ ಕೊಳವೆಗೆ ಸುತ್ತಬಹುದು. ಇದ್ದಿಲ ಮೇಲೆ ದಪ್ಪ ಬಣ್ಣ ಕೂತಿರುವ ಈ ಚಿತ್ರಕ್ಕೆ ಅದು ತಡೆಯದು.

ಚೌಕಟ್ಟಿನ ಅಂಗಡಿಯವರು ಗಾಜು ಹಾಕೋಣ ಎನ್ನುತ್ತಾರೆ. ಬೇಡ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ಊರಿನಲ್ಲಿ ಗಾಜಿನ ಒಳಗೆ ಸಿಕ್ಕಿಕೊಂಡ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ. ಕ್ಯಾನ್ವಾಸಿನ ಸುತ್ತ 5ರಿಂದ 8 ಮಿ.ಮೀ. ಸಂದು ಬಿಟ್ಟು ಕೂರಿಸುವ ತೆರೆದ ಚೌಕಟ್ಟೇ ಇದಕ್ಕೆ ಸರಿ. ಬೆನ್ನಿಗೆ ಪ್ಲೈವುಡ್ ಬಡಿದು ಮುಚ್ಚುವುದೂ ಬೇಡ. ಪೂರ್ತಿ ತೆರೆದು ಬಿಟ್ಟರೆ ಹಲ್ಲಿ ಮೊಟ್ಟೆ ಇಡುತ್ತದೆ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಎರಡನ್ನೂ ತೆಗೆಯುವಾಗ ಕ್ಯಾನ್ವಾಸಿಗೆ ಒತ್ತು ಬಿದ್ದು ಎದುರಿನ ಬಣ್ಣ ಬಿರಿಯುತ್ತದೆ. ಬೋರ್ಡುಗಳಿಗೆ ಬಳಸುವ ಸನ್‌ಪ್ಯಾಕ್ ಹಾಳೆಯನ್ನು ಬೆನ್ನಿಗೆ ಸ್ಕ್ರೂನಿಂದ ಕೂರಿಸಿ, ಮೇಲೆ ಕೆಳಗೆ ಎರಡೆರಡು ಇಂಚಿನ ಕಿಂಡಿ ಕೊರೆದು, ಕಿಂಡಿಗೆ ಸೊಳ್ಳೆಪರದೆಯ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ, ಹುಳಹುಪ್ಪಟೆ ಬರುವುದಿಲ್ಲ.

ಗೋಡೆಯ ಆಯ್ಕೆಯಲ್ಲಿ ಅವಸರ ಬೇಡ. ಗಾಳಿಯ ತೇವಾಂಶ ಶೇ. 65-70ರ ಮೇಲೆ ದಿನಗಟ್ಟಲೆ ನಿಂತರೆ ಬೂಷ್ಟು ಬೆಳೆಯುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮ್ಮಲ್ಲಿ ಅದು 80ಕ್ಕಿಂತ ಕೆಳಗಿಳಿಯುವುದೇ ಅಪರೂಪ. ಪಡುವಣ ಮತ್ತು ತೆಂಕುಪಡುವಣದ ಹೊರಗೋಡೆಗೆ ಮಳೆ ನೇರವಾಗಿ ಹೊಡೆಯುತ್ತದೆ, ಕೆಂಪುಕಲ್ಲು ನೀರು ಕುಡಿಯುತ್ತದೆ. ಆ ಗೋಡೆ ಬೇಡ. ಬಚ್ಚಲಿಗೆ ಅಂಟಿದ ಗೋಡೆ ಬೇಡ, ಅಡುಗೆಮನೆಯ ಎಣ್ಣೆ ಹೊಗೆ ಬರುವ ಜಾಗವೂ ಬೇಡ. ದೇವರಕೋಣೆಯ ದೀಪ, ಊದುಬತ್ತಿಯ ಹೊಗೆಯಿಂದಲೂ ದೂರವಿರಲಿ. ಮನೆಯ ಒಳಗಿನ ಅಡ್ಡಗೋಡೆ ಎಲ್ಲಕ್ಕಿಂತ ಕ್ಷೇಮ. ಹಾಗೆಂದು ಹಳೆಯ ಮನೆಯ ಕತ್ತಲ ಚಾವಡಿಯ ಮೂಲೆಗೂ ತೂಗುಹಾಕಬಾರದು: ಆಯಿಲ್ ಸ್ಟಿಕ್ಕಿನ ಎಣ್ಣೆ ಕತ್ತಲಲ್ಲಿ ಹಳದಿಗಟ್ಟುತ್ತದೆ, ಹದವಾದ ಬೆಳಕಿದ್ದರೆ ಅಷ್ಟಾಗಿ ಕಾಣುವುದಿಲ್ಲ. ನೇರ ಬಿಸಿಲು ತಾಗದ, ಆದರೆ ಹಗಲು ಬೆಳಕು ಇರುವ ಜಾಗ ಹುಡುಕಿ.

ಕೆಂಪುಕಲ್ಲಿಗೆ ತೂತು ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ. ಕಲ್ಲು ಮೃದು, ಬಡಿತಕ್ಕೆ ತೂತು ಅಗಲವಾಗಿ ಪ್ಲಗ್ ಸಡಿಲ ನಿಲ್ಲುತ್ತದೆ. ಎರಡು ಕಲ್ಲಿನ ನಡುವಿನ ಸಂದಿಗೆ ಕೊರೆಯಬಾರದು, ಅದರಲ್ಲೂ ಮಣ್ಣಿನ ಗಾರೆಯ ಹಳೆ ಗೋಡೆಯಲ್ಲಿ. 8 ಮಿ.ಮೀ. ಬಿಟ್‌ನಿಂದ, ಸಾರಣೆ ದಾಟಿ ಕಲ್ಲಿನೊಳಗೆ ಕನಿಷ್ಠ 60 ಮಿ.ಮೀ. ಹೋಗಬೇಕು; ಪುಡಿಯನ್ನು ಪೂರ್ತಿ ಊದಿ ತೆಗೆದು ಉದ್ದನೆಯ ಪ್ಲಗ್ ಹಾಕಬೇಕು. ಒಂದೇ ಮೊಳೆಗೆ ತಂತಿ ಕಟ್ಟಿ ನೇತುಹಾಕುವುದಕ್ಕಿಂತ ಎರಡು ಸ್ಕ್ರೂಗೆ ಚೌಕಟ್ಟಿನ ಬೆನ್ನಿನ ಎರಡು ಡಿ-ರಿಂಗ್ (ಡಿ ಆಕಾರದ ಬಳೆ) ನೇರವಾಗಿ ಸಿಕ್ಕಿಸಿದರೆ ಚಿತ್ರ ವಾಲುವುದಿಲ್ಲ, ಭಾರವೂ ಹಂಚಿಹೋಗುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಒಂದಿಂಚಿನ ರಬ್ಬರ್ ಅಥವಾ ಕಾರ್ಕ್ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಹರಿಯಲಿ. ಚಿತ್ರದ ನಡುಮಧ್ಯ ನೆಲದಿಂದ 57-60 ಇಂಚು ಎತ್ತರಕ್ಕೆ ಬಂದರೆ ನಿಂತು ನೋಡುವವರ ಕಣ್ಣಿಗೆ ಸರಿ.

ದೀಪಕ್ಕೆ ಸಿಆರ್‌ಐ (ಬಣ್ಣಗಳನ್ನು ಇದ್ದ ಹಾಗೆ ತೋರಿಸುವ ಗುಣದ ಅಳತೆ) 90ರ ಮೇಲಿನ, 3000 ಕೆಲ್ವಿನ್‌ನ ಎಲ್‌ಇಡಿ. ಮಾಳಿಗೆಯಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಬೀಳಲಿ. ಇನ್ನೂ ಕಡಿದಾಗಿ ಬಿಟ್ಟರೆ ಕೆರೆದ ಗುರುತುಗಳಿಗೆಲ್ಲ ನೆರಳು ಬಿದ್ದು ಅಕ್ಷರಗಳು ಮಾಯವಾಗುತ್ತವೆ.

ವಾರ್ನಿಷ್ ಇನ್ನೂ ಆಗಿಲ್ಲ. ಇದು ಕೊರತೆಯಲ್ಲ, ಕಲಾವಿದರ ಎಚ್ಚರಿಕೆ. ಆಯಿಲ್ ಸ್ಟಿಕ್ ಬಲಿಯಲು ಕನಿಷ್ಠ ಆರು ತಿಂಗಳು ಬಿಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರ್ನಿಷ್ ಹಚ್ಚಿದರೆ ತೇವ ಒಳಗೆ ಸಿಕ್ಕಿ ಹಾಲಿನಂಥ ಮಬ್ಬು ಕವಿಯುತ್ತದೆ. ಡಿಸೆಂಬರ್, ಜನವರಿಯ ಒಣಹವೆಗೆ ಕಾಯಬೇಕು. ತೆರೆಯ ಹೊರಗೆ ಉಳಿದ ಇದ್ದಿಲ ಗೆರೆಗಳಿರುವುದರಿಂದ ಬ್ರಷ್ ಕೂಡದು, ಸ್ಪ್ರೇಯೇ ಆಗಬೇಕು. ಮುಂದೆ ತೆಗೆಯಲು ಬರುವಂಥ ಮ್ಯಾಟ್ ವಾರ್ನಿಷ್ ಕೇಳಿ. ಹೊಳಪಿನ ವಾರ್ನಿಷ್ ಹಚ್ಚಿದರೆ ನೀಲಿ ಕನ್ನಡಿಯಾಗಿ ಎದುರಿನ ಕಿಟಕಿಯನ್ನೇ ತೋರಿಸುತ್ತದೆ. ಅಲ್ಲಿಯವರೆಗೆ ಧೂಳು ಕೂತರೆ ಮೇಕೆ ಕೂದಲಿನ ಮೆತ್ತನೆ ಬ್ರಷ್ಷಿನಿಂದ ಒಣಗಿಯೇ, ಹಗುರವಾಗಿ ತೆಗೆಯುವುದು, ಇದ್ದಿಲು ಹೊರಗಿರುವ ಜಾಗ ಬಿಟ್ಟು. ಒದ್ದೆ ಬಟ್ಟೆ ಬೇಡ. ಮಳೆಗಾಲದಲ್ಲಿ ಕ್ಯಾನ್ವಾಸ್ ಜೋಲು ಬಿದ್ದರೆ ಗಾಬರಿಯಾಗಿ ಬೆಣೆ ಬಡಿಯಬಾರದು, ಬೆನ್ನಿಗೆ ಬಿಸಿನೀರು ಚಿಮುಕಿಸಬಾರದು. ನೀರು ಕುಡಿದ ಬಟ್ಟೆ ಆಗ ಬಿಗಿದಂತೆ ಕಂಡು ಆಮೇಲೆ ಬೂಷ್ಟು ಹಿಡಿಯುತ್ತದೆ. ನವೆಂಬರ್ ದಾಟಿದ ಮೇಲೂ ಜೋಲು ಉಳಿದರೆ, ಬೆಣೆಗೂ ಕ್ಯಾನ್ವಾಸಿಗೂ ನಡುವೆ ರಟ್ಟಿನ ತುಂಡಿಟ್ಟು, ಎಂಟೂ ಬೆಣೆಗೆ ಸಮನಾಗಿ ಸಣ್ಣ ಪೆಟ್ಟು ಕೊಟ್ಟರೆ ಸಾಕು.

ಇದೇ ನೋಟದ ಚಿತ್ರ ಆನ್‌ಲೈನಿನಲ್ಲಿ ಹತ್ತನೇ ಒಂದು ಪಾಲಿನ ಬೆಲೆಗೆ ಸಿಗುತ್ತದೆ ಎಂದು ಹೇಳುವವರಿದ್ದಾರೆ. ಅವುಗಳಲ್ಲಿ ಹಲವು ಕ್ಯಾನ್ವಾಸಿನ ಮೇಲಿನ ಇಂಕ್‌ಜೆಟ್ ಪ್ರಿಂಟ್; ಮೇಲೆ ಪಾರದರ್ಶಕ ಜೆಲ್ಲನ್ನು ಬ್ರಷ್ಷಿನಿಂದ ಎಳೆದು ಕೈಕೆಲಸದಂತೆ ಕಾಣಿಸುತ್ತಾರೆ. ಗುರುತಿಸುವುದು ಕಷ್ಟವಲ್ಲ. ಹತ್ತುಪಟ್ಟು ಭೂತಗನ್ನಡಿಯಲ್ಲಿ ಬಣ್ಣದ ಚುಕ್ಕೆಗಳು ಕಾಣುತ್ತವೆ. ಬ್ರಷ್ಷಿನ ಉಬ್ಬು ಒಂದು ಕಡೆ ಹರಿದರೆ ಬಣ್ಣದ ಅಂಚು ಇನ್ನೊಂದು ಕಡೆ ಹೋಗಿರುತ್ತದೆ. ಕೆರೆದಂತೆ ಕಾಣುವಲ್ಲಿ ಬೆರಳಿಗೆ ತಗ್ಗು ಸಿಗುವುದಿಲ್ಲ. ಪ್ರಿಂಟ್ ಎಂದು ಹೇಳಿ ಪ್ರಿಂಟಿನ ಬೆಲೆಗೆ ಮಾರಿದರೆ ತಕರಾರಿಲ್ಲ. ಆದರೆ ಕೆಳಗಿನ ಪದರವೇ ಇಲ್ಲದ ಹಾಳೆಗೂ ಈ ಚಿತ್ರಕ್ಕೂ ಹೋಲಿಕೆ ಸಲ್ಲದು.

ಎರಡು ರಿಪೇರಿ, ಹೊಸ ಪಿನ್ನು, ಗುಲಾಬಿಯ ಸಂಕೇತ: ಇಷ್ಟಕ್ಕೆ ಒಪ್ಪಿದರೆ 54,000 ನ್ಯಾಯವಾದ ಬೆಲೆ, ಚೌಕಾಸಿ ಬೇಡ. ಒಪ್ಪದಿದ್ದರೆ ಚಿತ್ರ ಎಷ್ಟೇ ಹಿಡಿಸಿದರೂ ಬಿಡುವುದೇ ಸರಿ, ಏಕೆಂದರೆ ಎಣ್ಣೆಯ ಮೇಲಿನ ಆ ಬಿಳಿ ಪಟ್ಟಿ ಕಾಯುವುದಿಲ್ಲ. ರಶೀದಿಯಲ್ಲಿ ಅಳತೆ, ವರ್ಷ, ಬಳಸಿದ ಸಾಮಗ್ರಿ, ರಿಪೇರಿಯ ವಿವರ ಇರಲಿ. ಎದುರು ಬೆನ್ನು ಎರಡರ ಫೋಟೋ ಜತೆಗಿರಲಿ. ಇನ್ನೊಂದು ವಿಷಯ ಹೆಚ್ಚಿನವರಿಗೆ ತಿಳಿದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಕೊಳ್ಳುವುದು ಚಿತ್ರವನ್ನು, ಅದರ ಹಕ್ಕನ್ನಲ್ಲ. ನೀವೇ ಹೇಳಿ ಮಾಡಿಸಿಕೊಂಡ ಚಿತ್ರದ ಮಾತು ಬೇರೆ. ಸಿದ್ಧವಿದ್ದ ಚಿತ್ರವನ್ನು ಕೊಂಡು ಗೃಹಪ್ರವೇಶದ ಕಾಗದದ ಮೇಲೆ ಅಚ್ಚುಹಾಕಿಸಬೇಕೆಂದರೆ ಕಲಾವಿದರ ಒಪ್ಪಿಗೆ ಪಡೆಯಬೇಕು. ಮುಂದೆ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟ ಮಾಡಿದರೆ ಆ ಹಣದಲ್ಲಿ ಪಾಲು ಕೇಳುವ ಹಕ್ಕನ್ನೂ ಅದೇ ಕಾಯ್ದೆಯ 53ಎ ಕಲಂ ಚಿತ್ರ ಮಾಡಿದವರಿಗೆ ಕೊಟ್ಟಿದೆ.